ಬೆಳಕು ಕಂಡಿದ್ದು ನಿಜ, ಅದು ಎಷ್ಟು ದೂರದಲ್ಲಿತ್ತು?

ಪ್ರಶ್ನೆ: ಹೋದ ತಿಂಗಳು ಒಂದು ಸಂಜೆ ಏಳು ಗಂಟೆ ಸುಮಾರಿಗೆ ನಾನು, ನನ್ನ ಮಗಳು ತೋಟದ ಮನೆಯ ಅಂಗಳದಲ್ಲಿ ನಿಂತಿದ್ದೆವು. ಪಡುವಣ ಕಡೆಯಿಂದ ಇಪ್ಪತ್ತಕ್ಕೂ ಜಾಸ್ತಿ ದೀಪಗಳು ಸರ ಪೋಣಿಸಿದ ಹಾಗೆ ಸಾಲಾಗಿ ಮೇಲೇರಿ ಬಂದವು. ಒಂಚೂರೂ ಸದ್ದಿಲ್ಲ. ನೆತ್ತಿ ದಾಟಿದ ಮೇಲೆ ಒಂದೊಂದಾಗಿ ಆರಿಹೋದವು. ಪಿಯುಸಿ ಓದುವ ಮಗಳು, "ಅಪ್ಪಾ, ಏಲಿಯನ್‌ಗಳು ಬಂದಿದ್ದಾರೆ ಅಂತ ಅಮೆರಿಕದ ಸಂಸತ್ತೇ ಒಪ್ಪಿಕೊಂಡಿದೆ, ನಮ್ಮ ಹಳೇ ಕಾಲದ ವಿಮಾನಗಳೂ ಅವರದ್ದೇ" ಅನ್ನುತ್ತಾಳೆ. ನನಗೆ ನಂಬುವುದಕ್ಕೂ ಆಗುತ್ತಿಲ್ಲ, ಬಿಡುವುದಕ್ಕೂ ಆಗುತ್ತಿಲ್ಲ. ಬೇರೆ ಲೋಕದವರು ಭೂಮಿಗೆ ಬಂದಿದ್ದಕ್ಕೆ ನಂಬುವಂಥ ಸಾಕ್ಷಿ ಒಂದಾದರೂ ಇದೆಯಾ?

ಉತ್ತರ: ಇಲ್ಲ. ಇವತ್ತಿನವರೆಗೆ ಜನರ ಮುಂದೆ ಬಂದ ಯಾವ ಸಾಕ್ಷಿಯೂ ಪರೀಕ್ಷೆಯಲ್ಲಿ ನಿಂತಿಲ್ಲ. ಇಷ್ಟು ಹೇಳಿ ಮುಗಿಸಿಬಿಟ್ಟರೆ ನಿಮಗೂ ನಿಮ್ಮ ಮಗಳಿಗೂ ಅನ್ಯಾಯ ಮಾಡಿದ ಹಾಗೆ. ಯಾಕೆಂದರೆ ನೀವಿಬ್ಬರೂ ಏನನ್ನೋ ನಿಜವಾಗಿ ಕಂಡಿದ್ದೀರಿ. ನೀವು ಸುಳ್ಳು ಹೇಳುತ್ತಿಲ್ಲ, ನಿಮ್ಮ ಕಣ್ಣಿಗೆ ಭ್ರಮೆಯೂ ಆಗಿಲ್ಲ. ಅದಕ್ಕೇ ಮೊದಲು ನಿಮ್ಮ ಅಂಗಳದಿಂದ ಶುರು ಮಾಡುತ್ತೇನೆ.

ನೀವು ನೋಡಿದ್ದು ಇಂಟರ್ನೆಟ್ ಒದಗಿಸುವ ಸ್ಟಾರ್‌ಲಿಂಕ್ ಉಪಗ್ರಹಗಳ ಸಾಲು ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ. ಸ್ಪೇಸ್‌ಎಕ್ಸ್ ಕಂಪನಿ 2019ರ ಮೇ ತಿಂಗಳಲ್ಲಿ ಮೊದಲ ಬಾರಿಗೆ 60 ಉಪಗ್ರಹಗಳನ್ನು ಒಂದೇ ರಾಕೆಟ್‌ನಲ್ಲಿ ಕಳಿಸಿತು. ಅಲ್ಲಿಂದ ಈಚೆಗೆ ಇಂಥ ಉಡಾವಣೆ ನಡೆಯುತ್ತಲೇ ಇದೆ. ಮೇಲೆ ಹೋದ ಹೊಸದರಲ್ಲಿ ಅವು ಸುಮಾರು 300 ಕಿಲೋಮೀಟರ್ ಎತ್ತರದಲ್ಲಿ ಒಂದರ ಹಿಂದೆ ಒಂದು ಹತ್ತಿರ ಹತ್ತಿರ ಸಾಗುತ್ತವೆ. ಕೆಲವು ದಿನಗಳಲ್ಲಿ ದೂರ ದೂರ ಆಗಿ ಇನ್ನೂ ಮೇಲಕ್ಕೆ ಏರುತ್ತವೆ. ಅವಕ್ಕೆ ಸ್ವಂತ ದೀಪ ಇಲ್ಲ. ನಮಗೆ ಸೂರ್ಯ ಮುಳುಗಿದ್ದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲು ಇರುತ್ತದೆ, ಆ ಬಿಸಿಲೇ ಹೊಳೆದು ಕಾಣುತ್ತದೆ. ಪಡುವಣದಿಂದ ಬಂದವು ನೆತ್ತಿ ದಾಟಿದ ಮೇಲೆ ಆರಿಹೋದವು ಅಂತ ಬರೆದಿದ್ದೀರಲ್ಲ, ಆ ಒಂದು ಮಾತಿನಿಂದಲೇ ನನಗೆ ಖಾತ್ರಿ ಆಯಿತು. ಅವು ಆರಲಿಲ್ಲ. ಭೂಮಿಯ ನೆರಳಿನೊಳಗೆ ಹೋದವು. ಒಂದೊಂದಾಗಿ ನೆರಳಿಗೆ ಹೋದ ಕಾರಣ ಒಂದೊಂದಾಗಿ ಮರೆಯಾದವು. ಎಷ್ಟು ಚೆನ್ನಾಗಿ ಗಮನಿಸಿದ್ದೀರಿ ನೋಡಿ. ಇಷ್ಟು ವಿವರ ಎಲ್ಲರೂ ಬರೆಯುವುದಿಲ್ಲ.

ಈಗ ಒಂದು ಮಾತು ಕೇಳುತ್ತೇನೆ. ಅವು ಎಷ್ಟು ಎತ್ತರದಲ್ಲಿದ್ದವು ಅಂತ ಆ ಹೊತ್ತಿನಲ್ಲಿ ನಿಮಗೆ ಅನ್ನಿಸಿತ್ತು? ಒಂದೆರಡು ಕಿಲೋಮೀಟರ್ ಇರಬಹುದು ಅಂತ ಅನ್ನಿಸಿರುತ್ತದೆ, ಅಲ್ವಾ? ಬಹಳ ಜನರಿಗೆ ಹಾಗೇ ಅನ್ನಿಸುತ್ತದೆ. ಕತ್ತಲಲ್ಲಿ ಮಿಣುಕುವ ಬೆಳಕಿನ ದೂರವನ್ನು ಹೇಳಲು ನಮ್ಮ ಕಣ್ಣಿಗೆ ಶಕ್ತಿ ಇಲ್ಲ. ಬೇಲಿ ಮೇಲಿನ ಮಿಂಚುಹುಳ, ಆಚೆ ಗುಡ್ಡದ ಮೇಲಿನ ಬೈಕಿನ ದೀಪ, ಕೋಟಿಗಟ್ಟಲೆ ಕಿಲೋಮೀಟರ್ ಆಚೆಯ ಶುಕ್ರ, ಮೂರೂ ಕಣ್ಣಿಗೆ ಒಂದೊಂದು ಚುಕ್ಕಿ. ದೂರ ಗೊತ್ತಿಲ್ಲದಿದ್ದರೆ ಗಾತ್ರ ಗೊತ್ತಾಗುವುದಿಲ್ಲ. ಗಾತ್ರ ಮಾತ್ರ ಅಲ್ಲ, ವೇಗವೂ ಗೊತ್ತಾಗುವುದಿಲ್ಲ. "ಭಾರೀ ದೊಡ್ಡದು, ಭಯಂಕರ ವೇಗವಾಗಿ ಹೋಯಿತು" ಅಂತ ಯಾರಾದರೂ ಹೇಳಿದರೆ ಅವರು ತಮಗೇ ಗೊತ್ತಿಲ್ಲದ ಹಾಗೆ ಒಂದು ದೂರವನ್ನು ಊಹಿಸಿಕೊಂಡಿರುತ್ತಾರೆ. ನಾನು ಇಷ್ಟು ವರ್ಷ ಓದಿದ ಯುಎಫ್‌ಒ, ಅಂದರೆ ಗುರುತು ಸಿಗದ ಹಾರುವ ವಸ್ತುಗಳ ಪ್ರಕರಣಗಳಲ್ಲಿ ಮುಕ್ಕಾಲು ಪಾಲು ಗಂಟು ಬಿದ್ದಿರುವುದು ಇಲ್ಲೇ.

ನಮ್ಮ ದೇಶದ್ದೇ ಒಂದು ಘಟನೆ ಹೇಳುತ್ತೇನೆ. 2012ರಲ್ಲಿ ಲಡಾಖ್‌ನ ಪ್ಯಾಂಗಾಂಗ್ ಸರೋವರದ ಹತ್ತಿರ ಗಡಿ ಕಾಯುವ ನಮ್ಮ ಸೈನಿಕರಿಗೆ ಚೀನಾ ಕಡೆಯ ಆಕಾಶದಲ್ಲಿ ಹೊಳೆಯುವ ವಸ್ತುಗಳು ಕಾಣತೊಡಗಿದವು. ಒಂದು ಸಂಜೆ ಆರರ ಹೊತ್ತಿಗೆ ಬರುತ್ತಿತ್ತು, ಇನ್ನೊಂದು ಬೆಳಗಿನ ಜಾವ ನಾಲ್ಕಕ್ಕೆ. ಆ ವರ್ಷದ ಆಗಸ್ಟ್‌ನಿಂದ ಮುಂದಿನ ಫೆಬ್ರವರಿ ಒಳಗೆ 329 ಸಲ ಅವನ್ನು ಕಂಡದ್ದಾಗಿ ದಾಖಲಿಸಿದರು. ಚೀನಾದ ಬೇಹುಗಾರಿಕೆ ಡ್ರೋನ್ ಇರಬಹುದು ಅನ್ನುವ ಅನುಮಾನ ಬಂತು. ಪತ್ರಿಕೆಗಳಲ್ಲಿ ಹಾರುವ ತಟ್ಟೆಯ ಮಾತೂ ಬಂತು. ಕೊನೆಗೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳ ಸಹಾಯ ಕೇಳಿದರು. ಅವರು ಆ ವಸ್ತುಗಳು ನಕ್ಷತ್ರಗಳ ಜೊತೆ ಹೇಗೆ ಚಲಿಸುತ್ತವೆ ಅಂತ ನೋಡಿದರು. ಡ್ರೋನ್ ಆಗಿದ್ದರೆ ಅದು ತನಗೆ ಬೇಕಾದ ಕಡೆ ಹೋಗುತ್ತದೆ. ಇವು ಆಕಾಶದ ಜೊತೆಗೇ ತಿರುಗುತ್ತಿದ್ದವು. ಒಂದು ಗುರು, ಇನ್ನೊಂದು ಶುಕ್ರ.

ಇದನ್ನು ಕೇಳಿ ನಗುವವರನ್ನು ನೋಡಿದ್ದೇನೆ. ನನಗೆ ನಗು ಬರುವುದಿಲ್ಲ. ನಾಲ್ಕು ಸಾವಿರ ಮೀಟರ್‌ಗೂ ಮೇಲೆ, ತೆಳುವಾದ ತಿಳಿ ಗಾಳಿಯಲ್ಲಿ ಗ್ರಹಗಳು ಎಷ್ಟು ಪ್ರಖರವಾಗಿ ಹೊಳೆಯುತ್ತವೆ ಅಂತ ಕೆಳಗಿನವರಿಗೆ ಅಂದಾಜಿಲ್ಲ. ಮೈ ಕೊರೆಯುವ ಚಳಿ, ಎದುರಿಗೆ ಶತ್ರುವಿನ ಗಡಿ. ಅಲ್ಲಿ ಬೆಳಕು ಕಂಡರೆ ಬರೆದಿಡುವುದೇ ಅವರ ಕೆಲಸ. ಅವರು ಸಮಯ ಬರೆದಿಟ್ಟಿದ್ದಕ್ಕೇ ಉತ್ತರ ಸಿಕ್ಕಿತು. ನಮ್ಮ ಹಳ್ಳಿಗಳಲ್ಲಿ ಶುಕ್ರನಿಗೆ ಬೆಳ್ಳಿ ಚುಕ್ಕಿ ಅಂತ ಹೆಸರಿದೆ. "ಬೆಳ್ಳಿ ಮೂಡಿತು" ಅಂತ ಎದ್ದು ಎತ್ತು ಹೊಡೆದುಕೊಂಡು ಹೊಲಕ್ಕೆ ಹೋಗುತ್ತಿದ್ದ ಜನರಿಗೆ ಅದು ದಿನಾ ಕಾಣುವ ನೆಂಟ. ಈಗ ಆಕಾಶ ನೋಡುವ ರೂಢಿ ತಪ್ಪಿದೆ. ನಾನು ದೂರದರ್ಶಕ ತೆಗೆದುಕೊಂಡು ಹಳ್ಳಿ ಶಾಲೆಗಳಿಗೆ ಹೋದಾಗ ಮಕ್ಕಳಲ್ಲ, ದೊಡ್ಡವರೇ ಶುಕ್ರನನ್ನು ತೋರಿಸಿ "ಅದೇನು ಸರ್, ಅಲ್ಲಾಡುತ್ತಾ ಇದೆ" ಅಂತ ಕೇಳುತ್ತಾರೆ. ಅಲ್ಲಾಡುತ್ತಿರುವುದು ಅದಲ್ಲ. ಕತ್ತಲಲ್ಲಿ ಒಂಟಿ ಬೆಳಕನ್ನು ದಿಟ್ಟಿಸಿದರೆ ಯಾರ ಕಣ್ಣಿಗಾದರೂ ಅದು ಸರಿದಾಡಿದ ಹಾಗೆ ಕಾಣುತ್ತದೆ.

ಹಾರುವ ತಟ್ಟೆ ಅನ್ನುವ ಮಾತು ಹುಟ್ಟಿದ್ದೂ ಹೀಗೆ ಒಂದು ದೂರದ ಲೆಕ್ಕದಿಂದಲೇ. 1947ರ ಜೂನ್ 24ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕೆನೆತ್ ಆರ್ನಾಲ್ಡ್ ಎಂಬಾತ ತನ್ನ ಸಣ್ಣ ವಿಮಾನ ಹಾರಿಸುತ್ತಿದ್ದ. ರೈನಿಯರ್ ಪರ್ವತದ ಬಳಿ ಹೊಳೆಯುವ ಒಂಬತ್ತು ವಸ್ತುಗಳು ಸಾಗುವುದನ್ನು ಕಂಡ. ಎರಡು ಪರ್ವತಗಳ ನಡುವಿನ ಅಂತರವನ್ನು ಅವು ದಾಟಲು ಹಿಡಿದ ಸಮಯ ನೋಡಿಕೊಂಡು, ಗಂಟೆಗೆ 1,200 ಮೈಲಿಗೂ ಜಾಸ್ತಿ ವೇಗ ಅಂತ ಲೆಕ್ಕ ಹಾಕಿದ. ಆಗಿನ ಯಾವ ವಿಮಾನಕ್ಕೂ ಆ ವೇಗ ಇರಲಿಲ್ಲ. ಆದರೆ ಆ ಲೆಕ್ಕವೆಲ್ಲ ನಿಂತಿದ್ದು ಅವು ಪರ್ವತಗಳ ಪಕ್ಕದಲ್ಲೇ, ಇಪ್ಪತ್ತು ಮೈಲಿಗೂ ಆಚೆ ಇವೆ ಅನ್ನುವ ಅವನ ಅಂದಾಜಿನ ಮೇಲೆ. ಹತ್ತಿರ ಇದ್ದಷ್ಟೂ ವೇಗ ಇಳಿಯುತ್ತದೆ. ಇನ್ನೊಂದು ವಿಷಯ. ಅವು ತಟ್ಟೆಯ ಆಕಾರದಲ್ಲಿವೆ ಅಂತ ತಾನು ಹೇಳಿರಲಿಲ್ಲ ಅಂತ ಅವನೇ ಆಮೇಲೆ ಹೇಳಿದ. ನೀರಿನ ಮೇಲೆ ತಟ್ಟೆ ಬೀಸಿ ಎಸೆದರೆ ಅದು ಹೇಗೆ ಪುಟಿಯುತ್ತಾ ಹೋಗುತ್ತದೋ ಹಾಗೆ ಹೋದವು ಅಂದ. ನಾವು ಕೆರೆಯಲ್ಲಿ ಬಿಲ್ಲೆಕಲ್ಲು ಎಸೆದು ಆಡುತ್ತೇವಲ್ಲ, ಹಾಗೆ. ಪತ್ರಿಕೆಗಳು ಅದನ್ನು ಹಾರುವ ತಟ್ಟೆ ಮಾಡಿದವು. ಆಮೇಲೆ ನೋಡಿದ ಬಹಳ ಜನರಿಗೆ ತಟ್ಟೆಗಳೇ ಕಂಡವು. ನನ್ನನ್ನು ತುಂಬಾ ಯೋಚನೆಗೆ ಹಚ್ಚಿದ ಸಂಗತಿ ಇದು. ಬೇರೆ ಲೋಕದವರು ಪತ್ರಿಕೆಯ ತಲೆಬರಹಕ್ಕೆ ತಕ್ಕಂತೆ ವಾಹನ ಕಟ್ಟಿಕೊಂಡು ಬರುತ್ತಾರೆಯೇ?

ಇದಾಗಿ ಎರಡೇ ವಾರಕ್ಕೆ ರಾಸ್‌ವೆಲ್ ನಡೆಯಿತು. ನಿಮ್ಮ ಮಗಳು ಖಂಡಿತ ಇದನ್ನು ಕೇಳಿರುತ್ತಾಳೆ. ನ್ಯೂ ಮೆಕ್ಸಿಕೊ ರಾಜ್ಯದ ರಾಸ್‌ವೆಲ್ ಊರಿನ ಹೊರಗೆ, ದನ ಕುರಿ ಮೇಯಿಸುವ ಜಾಗದಲ್ಲಿ ಒಬ್ಬ ರೈತನಿಗೆ ರಬ್ಬರ್ ಪಟ್ಟಿಗಳು, ಬೆಳ್ಳಿ ಬಣ್ಣದ ತೆಳು ಹಾಳೆ, ಗಟ್ಟಿ ಕಾಗದ, ಸಣ್ಣ ಕಡ್ಡಿಗಳು, ಟೇಪು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದು ಸಿಕ್ಕಿತು. ಜುಲೈ 8ರಂದು ಅಲ್ಲಿನ ಸೇನಾ ವಿಮಾನ ನೆಲೆಯೇ "ಹಾರುವ ತಟ್ಟೆ ನಮ್ಮ ಕೈಗೆ ಸಿಕ್ಕಿದೆ" ಅಂತ ಪ್ರಕಟಣೆ ಕೊಟ್ಟಿತು. ಆದರೆ ಕೂಡಲೇ ಮಾತು ಬದಲಿಸಿ ಅದು ಹವಾಮಾನದ ಬಲೂನು ಅಂದಿತು. ಆ ಮಾತೂ ಪೂರ್ತಿ ನಿಜ ಆಗಿರಲಿಲ್ಲ. ಆಗ ಸೋವಿಯತ್ ಒಕ್ಕೂಟ ಅಣುಬಾಂಬ್ ಪರೀಕ್ಷೆ ಮಾಡಿದರೆ ಅದರ ಸದ್ದನ್ನು ದೂರದಿಂದಲೇ ಹಿಡಿಯಲು ಅಮೆರಿಕ ಗುಟ್ಟಾಗಿ ಒಂದು ಪ್ರಯೋಗ ನಡೆಸುತ್ತಿತ್ತು. ಹೆಸರು ಪ್ರಾಜೆಕ್ಟ್ ಮೊಗಲ್. ಉದ್ದನೆಯ ಸಾಲಿನಲ್ಲಿ ಹತ್ತಾರು ಬಲೂನು ಕಟ್ಟಿ, ಅದಕ್ಕೆ ಮೈಕ್ರೊಫೋನ್ ಮತ್ತು ರೇಡಾರ್‌ಗೆ ಕಾಣಲೆಂದು ಬೆಳ್ಳಿ ಹಾಳೆ ಕಡ್ಡಿಗಳ ಚೌಕಟ್ಟು ತೂಗುಹಾಕಿ ಮೇಲೆ ಬಿಡುತ್ತಿದ್ದರು. ರೈತನಿಗೆ ಸಿಕ್ಕ ವಸ್ತುಗಳ ಪಟ್ಟಿಯನ್ನು ಇದರ ಪಕ್ಕ ಇಟ್ಟು ಓದಿ. ಕಡ್ಡಿ, ಹಾಳೆ, ರಬ್ಬರ್, ಟೇಪು. ನಕ್ಷತ್ರಗಳಿಂದ ಬಂದ ನೌಕೆಯನ್ನು ಯಾರೂ ಕಡ್ಡಿ ಮತ್ತು ಟೇಪಿನಿಂದ ಕಟ್ಟಿರಲಾರರು. 1994ರಲ್ಲಿ ಅಮೆರಿಕದ ವಾಯುಪಡೆ ಈ ವಿವರವನ್ನು ವರದಿ ಮಾಡಿ ಹೊರಗಿಟ್ಟಿತು.

ಸತ್ತ ಏಲಿಯನ್‌ಗಳ ಕಥೆ? 1947ರ ಪತ್ರಿಕೆಗಳಲ್ಲಿ ಅದು ಇಲ್ಲ. ಮೂವತ್ತು ವರ್ಷ ರಾಸ್‌ವೆಲ್ ಅನ್ನು ಎಲ್ಲರೂ ಮರೆತಿದ್ದರು. 1978ರ ನಂತರ ಹಳಬರನ್ನು ಹುಡುಕಿ ಮಾತನಾಡಿಸತೊಡಗಿದ ಮೇಲೆ ವರ್ಷ ವರ್ಷಕ್ಕೂ ಕಥೆ ಬೆಳೆಯಿತು. 1995ರಲ್ಲಿ ಏಲಿಯನ್ ಶವಪರೀಕ್ಷೆ ಅಂತ ಒಂದು ಚಿತ್ರ ಜಗತ್ತಿನ ತುಂಬಾ ಟಿವಿಯಲ್ಲಿ ಓಡಿತು. ಅದು ತಾವು ಹೊಸದಾಗಿ ಚಿತ್ರೀಕರಿಸಿದ್ದು ಅಂತ ಅದನ್ನು ತಂದವರೇ 2006ರಲ್ಲಿ ಒಪ್ಪಿಕೊಂಡರು. ಒಪ್ಪಿಕೊಂಡ ಸುದ್ದಿ ಮಾತ್ರ ಅಷ್ಟು ಜನರನ್ನು ಮುಟ್ಟಲೇ ಇಲ್ಲ. ಆ ಚಿತ್ರದ ತುಣುಕುಗಳು ಇವತ್ತಿಗೂ ವಾಟ್ಸಾಪ್‌ನಲ್ಲಿ ನನಗೆ ಬರುತ್ತವೆ.

ಸರ್ಕಾರ ಮುಚ್ಚಿಟ್ಟಿದೆ ಅನ್ನುವ ಮಾತಿನಲ್ಲಿ ಹುರುಳಿದೆ. ನಾನು ಅದನ್ನು ತಳ್ಳಿಹಾಕುವುದಿಲ್ಲ. ಮುಚ್ಚಿಟ್ಟಿದ್ದರು, ಆದರೆ ತಮ್ಮದೇ ಬಲೂನು ವಿಮಾನಗಳನ್ನು. 1955ರಿಂದ ಯು-2 ಬೇಹುಗಾರಿಕೆ ವಿಮಾನ 60,000 ಅಡಿಗೂ ಮೇಲೆ ಹಾರತೊಡಗಿತು. ಪ್ರಯಾಣಿಕರ ವಿಮಾನಗಳು ಆಗ ಅದರ ಅರ್ಧ ಎತ್ತರಕ್ಕೂ ಹೋಗುತ್ತಿರಲಿಲ್ಲ. ಮುಸ್ಸಂಜೆ ಹೊತ್ತು ಕೆಳಗೆ ಕತ್ತಲಾದಾಗ ಮೇಲೆ ಅದರ ರೆಕ್ಕೆಗೆ ಬಿಸಿಲು ಬಿದ್ದು ಬೆಂಕಿಯಂತೆ ಹೊಳೆಯುತ್ತಿತ್ತು. ನಿಮ್ಮ ಸ್ಟಾರ್‌ಲಿಂಕ್ ಹೊಳೆದ ಹಾಗೆಯೇ. ಪೈಲಟ್‌ಗಳು ದೂರು ಕೊಟ್ಟಾಗ ನಿಜ ಹೇಳುವ ಹಾಗಿರಲಿಲ್ಲ, ಸುಮ್ನೆ ಮಂಜಿನ ಹರಳು, ಉಷ್ಣಾಂಶದ ಆಟ ಅಂತ ಏನೋ ಒಂದು ಹೇಳಿ ಕಳಿಸುತ್ತಿದ್ದರು. ಹೀಗೆ ಸುಳ್ಳು ಹೇಳಿದ್ದರ ಫಲವನ್ನು ಅಮೆರಿಕ ಇವತ್ತಿಗೂ ಉಣ್ಣುತ್ತಿದೆ. ಒಮ್ಮೆ ಸುಳ್ಳು ಹೇಳಿದವರ ನಿಜವನ್ನೂ ಯಾರೂ ನಂಬುವುದಿಲ್ಲ.

ಅಮೆರಿಕದ ವಾಯುಪಡೆ 1952ರಿಂದ 1969ರವರೆಗೆ ಪ್ರಾಜೆಕ್ಟ್ ಬ್ಲೂ ಬುಕ್ ಹೆಸರಿನಲ್ಲಿ ದೂರುಗಳನ್ನು ಜಾಲಾಡಿತು. ಅದರ ಕಡತದಲ್ಲಿ ಒಟ್ಟು 12,618 ಪ್ರಕರಣ. ಕೊನೆಗೂ ಇಂಥದ್ದು ಅಂತ ಹೇಳಲಾಗದೆ ಉಳಿದಿದ್ದು 701. ಈ 701 ಅನ್ನು ಹಿಡಿದುಕೊಂಡು "ಅವೇ ಏಲಿಯನ್" ಅನ್ನುವವರಿದ್ದಾರೆ. ಪೊಲೀಸ್ ಠಾಣೆಯಲ್ಲಿ ಪತ್ತೆಯಾಗದ ಕಳ್ಳತನದ ಕೇಸುಗಳು ಇದ್ದೇ ಇರುತ್ತವೆ. ಅವನ್ನು ದೆವ್ವ ಮಾಡಿತು ಅಂತ ಯಾವ ಇನ್‌ಸ್ಪೆಕ್ಟರೂ ಬರೆಯುವುದಿಲ್ಲ. ಮಾಹಿತಿ ಸಾಲಲಿಲ್ಲ ಅಂತ ಬರೆಯುತ್ತಾರೆ. ಇಲ್ಲೂ ಅಷ್ಟೇ.

ಈಗಿನ ಕಾಲಕ್ಕೆ ಬರೋಣ. 2017ರ ಡಿಸೆಂಬರ್ ಮತ್ತು 2018ರ ಮಾರ್ಚ್‌ನಲ್ಲಿ ಅಮೆರಿಕದ ನೌಕಾಪಡೆಯ ವಿಮಾನಗಳು ತೆಗೆದ ವಿಡಿಯೊಗಳು ಪತ್ರಿಕೆಗಳ ಮೂಲಕ ಹೊರಬಂದವು. 2020ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯಾದ ಪೆಂಟಗನ್ ಅವು ತನ್ನವೇ ಅಂತ ಅಧಿಕೃತವಾಗಿ ಬಿಡುಗಡೆ ಮಾಡಿತು. ಅದರಲ್ಲಿ ಒಂದರ ಹೆಸರು 'ಗೋ ಫಾಸ್ಟ್'. ಸಣ್ಣ ಬಿಳಿ ಚುಕ್ಕಿಯೊಂದು ಸಮುದ್ರದ ಮೇಲೆ ಬಾಣದಂತೆ ಹೋಗುವುದು ಕಾಣುತ್ತದೆ. ಪೈಲಟ್ ಖುಷಿಯಿಂದ ಕೂಗುವುದೂ ಕೇಳುತ್ತದೆ. ನೋಡಿದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಆದರೆ ಈ ವಿಡಿಯೊದಲ್ಲಿ ನಮಗೆ ಒಂದು ಅದೃಷ್ಟ ಇದೆ. ಪರದೆಯ ಮೇಲೆ ದೂರ ಬರೆದಿದೆ. ವಿಮಾನದ ಎತ್ತರ 25,000 ಅಡಿ, ಕ್ಯಾಮೆರಾ ಎಷ್ಟು ಕೋನ ಕೆಳಗೆ ತಿರುಗಿದೆ, ಎಲ್ಲ ಅಲ್ಲೇ ಇದೆ. ಪಿಯುಸಿಯ ತ್ರಿಕೋನಮಿತಿ ಸಾಕು, ನಿಮ್ಮ ಮಗಳೇ ಲೆಕ್ಕ ಹಾಕಬಹುದು. ವಸ್ತು ಇರುವುದು ಸಮುದ್ರಕ್ಕೆ ಅಂಟಿಕೊಂಡಲ್ಲ, ಸುಮಾರು 13,000 ಅಡಿ ಮೇಲೆ. ನಾಸಾ ನೇಮಿಸಿದ ತಜ್ಞರ ತಂಡ 2023ರಲ್ಲಿ ಲೆಕ್ಕ ಮಾಡಿದಾಗ ಬಂದ ವೇಗ ಗಂಟೆಗೆ ಸುಮಾರು 40 ಮೈಲಿ. ಅಂದರೆ 65 ಕಿಲೋಮೀಟರ್. ಅಷ್ಟು ಎತ್ತರದ ಗಾಳಿಯಲ್ಲಿ ತೇಲುವ ವಸ್ತುವೂ ಆ ವೇಗದಲ್ಲಿ ಹೋಗುತ್ತದೆ.

ಹಾಗಾದರೆ ಅಷ್ಟು ವೇಗವಾಗಿ ಕಂಡಿದ್ದು ಯಾಕೆ? ಬಸ್ಸಿನ ಕಿಟಕಿಯಿಂದ ನೋಡಿ. ರಸ್ತೆ ಪಕ್ಕದ ಹುಣಸೆ ಮರಗಳು ಹಿಂದಕ್ಕೆ ಓಡುತ್ತವೆ, ದೂರದ ಗುಡ್ಡ ನಿಂತಲ್ಲೇ ಇರುತ್ತದೆ. ಮರ ಓಡುತ್ತಿಲ್ಲ, ಬಸ್ಸು ಓಡುತ್ತಿದೆ. ಇಲ್ಲಿ ವಿಮಾನವೇ ಬಸ್ಸು, ಚುಕ್ಕಿಯೇ ಮರ, ಕೆಳಗಿನ ಸಮುದ್ರ ಗುಡ್ಡ. ದೂರ ಒಂದು ಗೊತ್ತಾಯಿತು, ಅಷ್ಟೇ. ಆ ಭಯಂಕರ ವೇಗ ಕರಗಿಹೋಯಿತು.

ಎಲ್ಲವೂ ಹೀಗೆ ಸಲೀಸಾಗಿ ಬಿಡಿಸಲು ಬರುತ್ತದೆ ಅಂತ ಹೇಳಿದರೆ ನಾನು ಪ್ರಾಮಾಣಿಕ ಅಲ್ಲ. 2004ರ ನವೆಂಬರ್ 14ರಂದು ಕ್ಯಾಲಿಫೋರ್ನಿಯಾ ದಕ್ಷಿಣದ ಸಮುದ್ರದ ಮೇಲೆ ಡೇವಿಡ್ ಫ್ರೇವರ್ ಎಂಬ ನೌಕಾಪಡೆಯ ಕಮಾಂಡರ್ ಬಿಳಿ ಮಾತ್ರೆಯ ಆಕಾರದ ವಸ್ತುವೊಂದನ್ನು ಹಗಲಿನಲ್ಲಿ ಕಂಡರು. ಎರಡು ವಿಮಾನಗಳಲ್ಲಿ ನಾಲ್ಕು ಜನ ಇದ್ದರು. ಅನುಭವಸ್ಥ ಪೈಲಟ್. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅವರು ಕಂಡಿದ್ದು ಏನು ಅನ್ನುವುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇವತ್ತಿಗೂ ಇಲ್ಲ. ಆದರೆ ಆ ದಿನದ ಹಡಗಿನ ರೇಡಾರ್ ದಾಖಲೆ ಜನರ ಮುಂದೆ ಬಂದಿಲ್ಲ. ಜನ ನೋಡುವ ವಿಡಿಯೊ ಫ್ರೇವರ್ ತೆಗೆದಿದ್ದಲ್ಲ, ಆಮೇಲೆ ಹೋದ ಇನ್ನೊಂದು ವಿಮಾನದ್ದು. ಕೈಯಲ್ಲಿ ಉಳಿಯುವುದು ನೆನಪು ಮಾತ್ರ. ಅದರಿಂದ "ಗೊತ್ತಿಲ್ಲ" ಅನ್ನುವವರೆಗೆ ಹೋಗಬಹುದು. "ಬೇರೆ ನಕ್ಷತ್ರದಿಂದ ಬಂತು" ಅನ್ನುವುದಕ್ಕೆ ಅಲ್ಲಿಂದ ದಾರಿ ಇಲ್ಲ.

ಇನ್ನು ನಿಮ್ಮ ಮಗಳು ಹೇಳಿದ ಸಂಸತ್ತಿನ ಮಾತು. 2023ರ ಜುಲೈ 26ರಂದು ಅಮೆರಿಕದ ಸಂಸತ್ತಿನ ಒಂದು ಉಪಸಮಿತಿಯ ಮುಂದೆ ವಾಯುಪಡೆಯ ಮಾಜಿ ಗುಪ್ತಚರ ಅಧಿಕಾರಿ ಡೇವಿಡ್ ಗ್ರಶ್ ಪ್ರಮಾಣ ಮಾಡಿ ಸಾಕ್ಷಿ ಹೇಳಿದರು. ಸರ್ಕಾರದ ಬಳಿ ಮನುಷ್ಯರದ್ದಲ್ಲದ ವಾಹನಗಳಿವೆ, ಮನುಷ್ಯರದ್ದಲ್ಲದ ದೇಹದ ಅಂಶಗಳೂ ಸಿಕ್ಕಿವೆ ಅಂದರು. ಸಂಸತ್ತು ಅದನ್ನು ಒಪ್ಪಲಿಲ್ಲ, ಕೇಳಿಸಿಕೊಂಡಿತು. ಅದೂ ಅಲ್ಲದೆ, ತಾನು ಆ ವಾಹನ, ಆ ದೇಹ ಯಾವುದನ್ನೂ ಕಣ್ಣಾರೆ ಕಂಡಿಲ್ಲ, ನಲವತ್ತಕ್ಕೂ ಹೆಚ್ಚು ಜನ ತನಗೆ ಹೇಳಿದ್ದು ಅಂತ ಗ್ರಶ್ ಅವರೇ ಸ್ಪಷ್ಟವಾಗಿ ಹೇಳಿದ್ದಾರೆ. ಕನ್ನಡದಲ್ಲಿ ಇದಕ್ಕೆ ಒಂದು ಪುಟ್ಟ ಪದ ಇದೆ. "ಅಂತೆ." ವಾಹನ ಇದೆ ಅನ್ನುವುದಕ್ಕೂ ವಾಹನ ಇದೆಯಂತೆ ಅನ್ನುವುದಕ್ಕೂ ಇರುವ ವ್ಯತ್ಯಾಸ ನಮ್ಮ ಐದು ವರ್ಷದ ಮಗುವಿಗೂ ಗೊತ್ತು. ಇಂಗ್ಲಿಷ್‌ನಲ್ಲಿ ಆ ಅಂತೆ ಸುಲಭವಾಗಿ ಉದುರಿಹೋಗುತ್ತದೆ. ನಿಮ್ಮ ಮಗಳು ಇನ್ನು ಮೇಲೆ ಇಂಥ ವಿಡಿಯೊ ನೋಡುವಾಗ ಪ್ರತಿ ವಾಕ್ಯದ ಕೊನೆಗೂ ಎಲ್ಲಿ ಬೇಕೋ ಅಲ್ಲಿ ಅಂತೆ ಸೇರಿಸಿಕೊಂಡು ಕೇಳಲಿ. ಏನು ಉಳಿಯುತ್ತದೆ ಅಂತ ಅವಳಿಗೇ ಗೊತ್ತಾಗುತ್ತದೆ. ಪೆಂಟಗನ್ನಿನ ತನಿಖಾ ಕಚೇರಿ ಈ ಆರೋಪಗಳನ್ನೂ ಸೇರಿಸಿ ಹಳೆಯ ಕಡತಗಳನ್ನೆಲ್ಲ ನೋಡಿ, ಅನ್ಯಗ್ರಹದ ತಂತ್ರಜ್ಞಾನಕ್ಕೆ ಯಾವ ಪುರಾವೆಯೂ ಸಿಗಲಿಲ್ಲ ಅಂತ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಆ ಕಚೇರಿಯನ್ನು ನಂಬಲೇಬೇಕು ಅಂತ ನಾನು ಹೇಳುವುದಿಲ್ಲ. ವಸ್ತು ತೋರಿಸಿ ಅಂತ ಮಾತ್ರ ಕೇಳುತ್ತೇನೆ.

ನಿಮ್ಮ ಮಗಳು ಹೇಳಿದ ಹಳೇ ಕಾಲದ ವಿಮಾನಗಳ ಮಾತಿಗೆ ಉತ್ತರ ನಮ್ಮ ಬೆಂಗಳೂರಿನಲ್ಲೇ ಇದೆ. ಜನ ಸಾಮಾನ್ಯವಾಗಿ ತೋರಿಸುವುದು 'ವೈಮಾನಿಕ ಶಾಸ್ತ್ರ' ಎಂಬ ಗ್ರಂಥವನ್ನು. ಭರದ್ವಾಜ ಋಷಿಯದ್ದು, ಸಾವಿರಾರು ವರ್ಷ ಹಳೆಯದು ಅನ್ನುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಐವರು, ಎಚ್.ಎಸ್. ಮುಕುಂದ ಮತ್ತು ಸಂಗಡಿಗರು, 1974ರಲ್ಲಿ ಅದನ್ನು ಗಂಭೀರವಾಗಿ ತೆಗೆದುಕೊಂಡು ಪರೀಕ್ಷಿಸಿದರು. ಭಾಷೆ ನೋಡಿದರು, ಗ್ರಂಥ ಎಲ್ಲಿಂದ ಬಂತು ಅಂತ ಹುಡುಕಿದರು, ಅದರ ವಿಮಾನಗಳು ಹಾರಬಲ್ಲವೇ ಅಂತ ಲೆಕ್ಕ ಹಾಕಿದರು. ಅದು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಹೇಳಿ ಬರೆಸಿದ್ದು, 1904ಕ್ಕಿಂತ ಹಿಂದಿನದಲ್ಲ ಅನ್ನುವ ತೀರ್ಮಾನಕ್ಕೆ ಬಂದರು. ಅದರಲ್ಲಿ ಹೇಳಿದ ಯಾವ ವಿಮಾನವೂ ಹಾರಲಾರದು ಅಂತಲೂ ಬರೆದರು. ನನಗೆ ಆ ಐವರ ಮೇಲೆ ಬಹಳ ಗೌರವ. ನಮ್ಮದು ಅನ್ನುವ ಕಾರಣಕ್ಕೆ ಹೊಗಳಲೂ ಇಲ್ಲ, ಓದದೇ ಆಚೆ ಎಸೆಯಲೂ ಇಲ್ಲ. ನಮ್ಮ ಪುರಾಣದ ಪುಷ್ಪಕ ವಿಮಾನ ಕವಿಯ ಕಲ್ಪನೆಯಾಗಿಯೇ ಎಷ್ಟು ಸೊಗಸಾಗಿದೆ. ಅದನ್ನು ಯಾವುದೋ ಲೋಕದವರ ಯಂತ್ರ ಅಂದರೆ ನಮ್ಮ ಕವಿಗಳ ಪ್ರತಿಭೆಯನ್ನು ಕಿತ್ತುಕೊಂಡ ಹಾಗಾಗುತ್ತದೆ.

ಹಾಗಿದ್ದರೆ ಎಂಥ ಸಾಕ್ಷಿ ಬೇಕು? ಇದು ನ್ಯಾಯವಾದ ಪ್ರಶ್ನೆ. ಆಕಾಶದಿಂದ ನಿಜವಾಗಿ ಏನಾದರೂ ಬಂದರೆ ಸಾಕ್ಷಿ ಹೇಗಿರುತ್ತದೆ ಅಂತ ನಮಗೆ ಗೊತ್ತು, ಯಾಕೆಂದರೆ ಬಂದಿದೆ. 2013ರ ಫೆಬ್ರವರಿ 15ರ ಬೆಳಿಗ್ಗೆ ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಸುಮಾರು 20 ಮೀಟರ್ ಅಗಲದ ಬಂಡೆಯೊಂದು ಆಕಾಶ ಸೀಳಿಕೊಂಡು ಬಂದು ಸಿಡಿಯಿತು. ಯಾರಿಗೂ ಮುನ್ಸೂಚನೆ ಇರಲಿಲ್ಲ. ನಡೆದದ್ದು ಕೆಲವೇ ಸೆಕೆಂಡು. ಆದರೂ ಕಾರುಗಳ ಕ್ಯಾಮೆರಾ, ಕಟ್ಟಡಗಳ ಸಿಸಿಟಿವಿ, ಬೇರೆ ಬೇರೆ ದಿಕ್ಕಿನಿಂದ ಅದನ್ನು ಹಿಡಿದವು. ಹಲವು ಜಾಗದಿಂದ ತೆಗೆದ ಚಿತ್ರ ಇದ್ದರೆ ದೂರ ಸಿಗುತ್ತದೆ. ದೂರ ಸಿಕ್ಕಿತು, ವೇಗ ಸಿಕ್ಕಿತು, ಅದು ಸೂರ್ಯನ ಸುತ್ತ ಯಾವ ದಾರಿಯಲ್ಲಿ ಸುತ್ತುತ್ತಿತ್ತು ಅನ್ನುವುದೂ ಸಿಕ್ಕಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಕೆರೆಯ ತಳದಿಂದ 500 ಕಿಲೋಗೂ ಹೆಚ್ಚು ಭಾರದ ತುಂಡನ್ನು ಮೇಲೆತ್ತಿದರು. ಈಗ ಹೇಳಿ. ಕೋಟಿ ಕೋಟಿ ಜನರ ಕೈಯಲ್ಲಿ ಕ್ಯಾಮೆರಾ ಬಂದ ಮೇಲೂ ಹಾರುವ ತಟ್ಟೆಯ ಚಿತ್ರ ಮಾತ್ರ ಯಾಕೆ ಮಸುಕಾಗಿಯೇ ಉಳಿದಿದೆ?

ಸೌರಮಂಡಲದ ಹೊರಗಿನ ವಸ್ತುವನ್ನು ಗುರುತಿಸುವುದೂ ನಮಗೆ ಗೊತ್ತು. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್ ಊರಿನ ಬಳಿ ಒಂದು ಉಲ್ಕಾಶಿಲೆ ಬಿತ್ತು. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾನ್ ಕಾರ್ಬೈಡ್ ಕಣಗಳಿದ್ದವು. ಅವುಗಳಲ್ಲಿ ಕೆಲವು ನಮ್ಮ ಸೂರ್ಯ ಹುಟ್ಟುವ ಮೊದಲೇ ಬೇರೆ ನಕ್ಷತ್ರಗಳಲ್ಲಿ ಆದವು. 460 ಕೋಟಿ ವರ್ಷದ ಸೂರ್ಯನ ಎದುರು 700 ಕೋಟಿ ವರ್ಷದ ಧೂಳು. ಹೇಗೆ ಗೊತ್ತಾಯಿತು? ಒಂದೇ ಧಾತುವಿನ ಹಗುರ ಪರಮಾಣು, ಭಾರದ ಪರಮಾಣು ಅಂತ ಬಗೆಗಳಿವೆ, ಐಸೋಟೋಪ್ ಅನ್ನುತ್ತಾರೆ. ಭೂಮಿಯಲ್ಲಿ ಅವುಗಳ ಪಾಲು ಹೆಚ್ಚು ಕಡಿಮೆ ಗೊತ್ತುಪಡಿಸಿದ ಹಾಗೆ ಇರುತ್ತದೆ. ಬೇರೆ ನಕ್ಷತ್ರದ ಧೂಳಿನಲ್ಲಿ ಆ ಪಾಲು ಬೇರೆಯೇ. ಧೂಳಿನ ಕಣದಲ್ಲಿ ಇಷ್ಟು ಓದಲು ಬರುವಾಗ, ನೌಕೆಯ ಒಂದು ಮೊಳೆ ಸಿಕ್ಕಿದರೂ ಸಾಕಿತ್ತು. ರಾಸ್‌ವೆಲ್ ಕಾಲದ ನೌಕೆಯದ್ದು ಅಂತ ಹೇಳಲಾದ ಮೆಗ್ನೀಸಿಯಂ ಲೋಹದ ತುಂಡೊಂದನ್ನು ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ ಹೀಗೆಯೇ ಪರೀಕ್ಷಿಸಿತು. 2024ರಲ್ಲಿ ಫಲಿತಾಂಶ ಬಂತು. ಐಸೋಟೋಪ್ ಪಾಲು ಪೂರ್ತಿ ಭೂಮಿಯದ್ದೇ.

ನಮ್ಮ ಪಕ್ಕದ ಕೇರಳದಲ್ಲಿ 2001ರಲ್ಲಿ ಕೆಂಪು ಮಳೆ ಸುರಿದಾಗಲೂ ಅದು ಆಕಾಶದಿಂದ ಬಂದ ಜೀವಕೋಶ ಅಂತ ಇಬ್ಬರು ವಿಜ್ಞಾನಿಗಳು ವಾದಿಸಿದ್ದರು. ಪರೀಕ್ಷಿಸಿ ನೋಡಿದಾಗ ಅದು ಅಲ್ಲೇ ಮರಗಳ ಮೇಲೆ ಬೆಳೆಯುವ ಒಂದು ಬಗೆಯ ಪಾಚಿಯ ಬೀಜಕಣ.

ಹೊರಗಿನಿಂದ ಯಾರೋ ಬಂದಿದ್ದಕ್ಕೆ ಸಾಕ್ಷಿ ಇಲ್ಲ ಅಂದೆ, ಆದರೆ ಹೊರಗಿನಿಂದ ವಸ್ತುಗಳು ಬಂದಿವೆ. ಬೇರೆ ನಕ್ಷತ್ರಗಳ ಕಡೆಯಿಂದ ಬಂದು ನಮ್ಮ ಸೂರ್ಯನನ್ನು ಬಳಸಿ ಹೋದ ಮೂರು ವಸ್ತುಗಳು ನಮಗೆ ಸಿಕ್ಕಿವೆ. 2017ರಲ್ಲಿ ಔಮುವಾಮುವಾ, 2019ರಲ್ಲಿ ಬೊರಿಸೊವ್, 2025ರ ಜುಲೈನಲ್ಲಿ ಅಟ್ಲಾಸ್. ದಿನ ದಿನವೂ ಅವುಗಳ ಜಾಗ ಅಳೆದು, ದೂರ ವೇಗ ಲೆಕ್ಕ ಹಾಕಿದ್ದಕ್ಕೇ ಅವು ಹೊರಗಿನವು ಅಂತ ಗಟ್ಟಿಯಾಗಿ ಹೇಳಲು ಆಗಿದ್ದು. ಔಮುವಾಮುವಾ ವಿಚಿತ್ರವಾಗಿತ್ತು, ನಿಜ. ಧೂಮಕೇತುವಿಗೆ ಇರುವಂಥ ಬಾಲ ಕಾಣಲಿಲ್ಲ, ಆದರೂ ಸೂರ್ಯನಿಂದ ದೂರ ಹೋಗುವಾಗ ಯಾರೋ ಮೆಲ್ಲಗೆ ತಳ್ಳಿದ ಹಾಗೆ ಅದರ ವೇಗ ಬದಲಾಯಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಖಗೋಳ ವಿಜ್ಞಾನಿ ಆವಿ ಲೋಬ್ ಅದು ಯಂತ್ರ ಇರಬಹುದು ಅಂದರು. ಮಂಜಿನಲ್ಲಿ ಸಿಕ್ಕಿಬಿದ್ದ ಹೈಡ್ರೋಜನ್ ಹೊರಬಂದರೂ ಹಾಗೆ ಆಗುತ್ತದೆ ಅಂತ 2023ರಲ್ಲಿ ಇನ್ನಿಬ್ಬರು ತೋರಿಸಿದರು. ಲೋಬ್ ಕೇಳಿದ್ದು ತಪ್ಪಲ್ಲ. ಕೇಳಲೇಬೇಕಾದ ಪ್ರಶ್ನೆ. ಅಟ್ಲಾಸ್ ಬಗ್ಗೆಯೂ ಅವರು ಅದೇ ಕೇಳಿದರು. ಅದು ಅನಿಲ, ಧೂಳು ಉಗುಳುವ ಧೂಮಕೇತು ಅಂತ ದೂರದರ್ಶಕಗಳು ಉತ್ತರ ಕೊಟ್ಟಿವೆ.

ಬೇರೆ ಕಡೆ ಜೀವ ಇರಬಹುದೇ ಅನ್ನುವುದು ಬೇರೆ ಪ್ರಶ್ನೆ. ಬೇರೆ ನಕ್ಷತ್ರಗಳ ಸುತ್ತ ಆರು ಸಾವಿರದಷ್ಟು ಗ್ರಹಗಳು ಈಗಾಗಲೇ ಸಿಕ್ಕಿವೆ. ಎಲ್ಲೋ ಜೀವ ಇದ್ದೀತು ಅಂತ ನನ್ನ ಮನಸ್ಸೂ ಹೇಳುತ್ತದೆ. ಆದರೆ ಇರುವುದು ಬೇರೆ, ಬರುವುದು ಬೇರೆ. ನಮಗೆ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ 4.24 ಜ್ಯೋತಿರ್ವರ್ಷ ದೂರ, ಅಂದರೆ ಸುಮಾರು 40 ಲಕ್ಷ ಕೋಟಿ ಕಿಲೋಮೀಟರ್. 1977ರಲ್ಲಿ ಹೊರಟ ನಾಸಾದ ವಾಯೇಜರ್-1 ನೌಕೆ ಸೆಕೆಂಡಿಗೆ 17 ಕಿಲೋಮೀಟರ್ ಓಡುತ್ತಿದೆ. ಹೆಚ್ಚು ಕಡಿಮೆ ಅರ್ಧ ಶತಮಾನ ಓಡಿ ಅದು ತಲುಪಿದ್ದು ಬೆಳಕು ಸುಮಾರು ಒಂದು ದಿನದಲ್ಲಿ ಹೋಗುವಷ್ಟು ದೂರ. ಪ್ರಾಕ್ಸಿಮಾದಷ್ಟು ದೂರ ಹೋಗಲು ಅದಕ್ಕೆ ಸುಮಾರು 75,000 ವರ್ಷ ಬೇಕು. ಹಾಗಂತ ಯಾರೂ ಬರಲಾರರು ಅಂತ ನಾನು ಹೇಳುವುದಿಲ್ಲ. ನಮ್ಮ ಗ್ಯಾಲಕ್ಸಿಗೆ ಸಾವಿರ ಕೋಟಿಗೂ ಹೆಚ್ಚು ವರ್ಷ ವಯಸ್ಸು. ಅಷ್ಟು ಸಮಯದಲ್ಲಿ ನಿಧಾನದ ನೌಕೆಯೂ ಎಲ್ಲ ಕಡೆ ಹೋಗಿ ಬರಬಹುದಿತ್ತು. ದೂರ ಇದೆ ಅನ್ನುವುದು ಇಲ್ಲ ಅನ್ನುವುದಕ್ಕೆ ಪುರಾವೆ ಅಲ್ಲ.

ವಾಯೇಜರ್‌ನಲ್ಲಿ ಒಂದು ಚಿನ್ನದ ಲೇಪದ ತಟ್ಟೆ ಇದೆ, ನಿಮ್ಮ ಮಗಳಿಗೆ ಗೊತ್ತಾ? ಯಾರಿಗಾದರೂ ಸಿಕ್ಕಲಿ ಅಂತ 55 ಭಾಷೆಗಳಲ್ಲಿ ಶುಭಾಶಯ ಹೇಳಿ ಕಳಿಸಿದ್ದಾರೆ. ಅದರಲ್ಲಿ ಕನ್ನಡವೂ ಇದೆ. ಕನ್ನಡಿಗರ ಪರವಾಗಿ ಶುಭಾಶಯ ಅಂತ ಒಂದು ದನಿ ಈ ಹೊತ್ತೂ ಆ ಕತ್ತಲಲ್ಲಿ ಹೋಗುತ್ತಿದೆ. ಬಂದವರ ಕಥೆಗಳಿಗಿಂತ ಹೋಗುತ್ತಿರುವ ಈ ಮಾತು ನನ್ನನ್ನು ಜಾಸ್ತಿ ಅಲುಗಾಡಿಸುತ್ತದೆ.

ಇನ್ನು ಮುಂದೆ ಆಕಾಶದಲ್ಲಿ ಏನಾದರೂ ಕಂಡರೆ ಹೀಗೆ ಮಾಡಿ. ಮೊದಲು ಗಡಿಯಾರ ನೋಡಿ, ನಿಮಿಷದವರೆಗೆ ಬರೆದುಕೊಳ್ಳಿ. ಅಲುಗಾಡುತ್ತಿದೆ ಅನ್ನಿಸಿದರೆ ಮನೆ ಸೂರಿನ ಅಂಚಿಗೋ ಕಂಬಕ್ಕೋ ಹೊಂದಿಸಿ ನಿಂತು ನೋಡಿ, ನಿಜವಾಗಿ ಸರಿಯುತ್ತಿದೆಯೇ ಅಂತ ತಿಳಿಯುತ್ತದೆ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ಕಿರುಬೆರಳು 1 ಡಿಗ್ರಿ. ನೆಲದಿಂದ ಎಷ್ಟು ಮುಷ್ಟಿ ಮೇಲಿತ್ತು, ಯಾವ ದಿಕ್ಕು, ಎಷ್ಟು ಹೊತ್ತಿನಲ್ಲಿ ಎಷ್ಟು ಮುಷ್ಟಿ ಸರಿಯಿತು ಅಂತ ಬರೆಯಿರಿ. ದೊಡ್ಡದು, ವೇಗ, ಹತ್ತಿರ ಅನ್ನುವ ಪದ ಬೇಡ. ಆಮೇಲೆ ಹತ್ತಿಪ್ಪತ್ತು ಕಿಲೋಮೀಟರ್ ಆಚೆಯ ನೆಂಟರಿಗೆ ಫೋನ್ ಮಾಡಿ, ಅವರೂ ಅದೇ ನಿಮಿಷದಲ್ಲಿ ಯಾವ ನಕ್ಷತ್ರದ ಪಕ್ಕ ಕಂಡರು ಅಂತ ಕೇಳಿ. ಎರಡು ಜಾಗದ ಲೆಕ್ಕ ಸಿಕ್ಕರೆ ದೂರ ಸಿಗುತ್ತದೆ. ಆ ಎರಡೂ ಕಾಗದ ನನಗೆ ಕಳಿಸಿ. ಲೆಕ್ಕವನ್ನು ನಿಮ್ಮ ಮಗಳು ಮೊದಲು ಮಾಡಲಿ, ನಾನೂ ಮಾಡುತ್ತೇನೆ, ಇಬ್ಬರದ್ದೂ ಪಕ್ಕದಲ್ಲಿಟ್ಟು ನೋಡೋಣ.